ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಟಿವಿಯಲ್ಲಿ ಸ್ಕೀ ವಿಶ್ವಕಪ್ ನೋಡುವವರಿಗೆ ಈ ದೃಶ್ಯ ಗೊತ್ತಿರುತ್ತದೆ. ಇಳಿಜಾರಿನಲ್ಲಿ ನೆಟ್ಟ ಕಂಬಗಳ ನಡುವೆ ಅಂಕುಡೊಂಕಾಗಿ ಇಳಿಯುವ ಸ್ಲಾಲಮ್‌ನಲ್ಲಿ ಯಾರೋ ಬೀಳುತ್ತಾರೆ, ಇಲ್ಲವೇ ದಾಟಲೇಬೇಕಾದ ಒಂದು ಗೇಟ್ (ಕಂಬಗಳ ಜೋಡಿ) ತಪ್ಪಿಸಿಕೊಳ್ಳುತ್ತಾರೆ. ಅಲ್ಲಿಗೆ ಅವರ ದಿನ ಮುಗಿಯಿತು. ಎದ್ದು, ಮೈಮೇಲಿನ ಹಿಮ ಕೊಡವಿ, ಪಕ್ಕಕ್ಕೆ ಸರಿದು, ಯಾರ ಮುಖವನ್ನೂ ನೋಡದೆ ಇಳಿದು ಹೋಗುತ್ತಾರೆ. ಮುಂದಿನ ವಾರ ಇನ್ನೊಂದು ಊರು, ಇನ್ನೊಂದು ಬೆಟ್ಟ.

2019ರ ಮಾರ್ಚ್‌ನಲ್ಲಿ ವರ್ಮಾಂಟ್ ರಾಜ್ಯದ ಸ್ಟೋವ್‌ನಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ರಾಷ್ಟ್ರೀಯ ಸ್ಕೀ ಚಾಂಪಿಯನ್‌ಷಿಪ್ ನಡೆದಾಗ ನಾನು ಬೇರೆಯದೇ ಒಂದನ್ನು ಕಂಡೆ. ಕೊನೆಯ ಕಡಿದಾದ ಇಳಿಜಾರಿಗೆ ತುಸು ಮೇಲೆ ಒಬ್ಬ ಹುಡುಗಿ ಜಾರಿ ಬಿದ್ದಳು. ಅವಳು ನಿಂತಲ್ಲಿಂದ ನಾಲ್ಕೈದು ಮೀಟರ್ ಮೇಲೆ ದಾಟಬೇಕಿದ್ದ ಗೇಟ್ ಉಳಿದುಹೋಯಿತು. ಪಕ್ಕಕ್ಕೆ ಸರಿಯುತ್ತಾಳೆ ಅಂದುಕೊಂಡೆ. ಅವಳು ಹತ್ತತೊಡಗಿದಳು. ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಇಟ್ಟು, ಒಂದು ಕಾಲು ಮೇಲೆ, ಇನ್ನೊಂದು ಕಾಲು ಅದರ ಪಕ್ಕಕ್ಕೆ, ಮತ್ತೆ ಒಂದು ಕಾಲು ಮೇಲೆ. ಸ್ಪರ್ಧೆಯ ಇಳಿಜಾರಿನ ಮೇಲೆ ಇರುವುದನ್ನು ಹಿಮ ಎನ್ನುವುದೇ ಕಷ್ಟ. ಹೆಜ್ಜೆ ಊರಿದರೆ ಅಚ್ಚು ಮೂಡದಷ್ಟು ಗಟ್ಟಿ. ಸ್ಕೀಯ ಉಕ್ಕಿನ ಅಂಚು ಕಚ್ಚಿಕೊಂಡರೆ ಸರಿ, ಇಲ್ಲದಿದ್ದರೆ ಹತ್ತಿದ್ದಕ್ಕಿಂತ ಹೆಚ್ಚು ಕೆಳಕ್ಕೆ. ಎರಡು ಸಲ ಹಾಗೇ ಆಯಿತು. ಕೆಳಗೆ ನಿಂತವರು ಗಂಟೆ ಬಾರಿಸುತ್ತ "ಹೈಕ್! ಹೈಕ್!" (ಹತ್ತು, ಹತ್ತು) ಅಂತ ಕೂಗುತ್ತಿದ್ದರು. ಬೇರೆ ಕಾಲೇಜಿನ ಬಣ್ಣದ ಟೋಪಿ ಹಾಕಿಕೊಂಡವರೂ ಸೇರಿ. ಅಂತೂ ಗೇಟ್ ಸುತ್ತಿ, ಉಳಿದ ದಾರಿ ಮುಗಿಸಿ ಗೆರೆ ದಾಟಿದಾಗ ಅವಳ ಸಮಯ ಎಲ್ಲರಿಗಿಂತ ಎಷ್ಟೋ ಹಿಂದೆ. ತಂಡದವರು ಅಪ್ಪಿಕೊಂಡ ರೀತಿ ನೋಡಿದರೆ ಅವಳೇ ಗೆದ್ದಳೇನೋ ಅನ್ನಿಸಬೇಕು.

"ಪೂರ್ತಿ ಮುಗಿಸಿದಳಲ್ಲ, ಒಂದೆರಡು ಪಾಯಿಂಟ್ ಬಂದರೂ ಬರಬಹುದು," ಅಂದರು ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು. ಒಂದೆರಡು ಪಾಯಿಂಟ್‌ಗಾಗಿ ಇಷ್ಟು ಪಾಡೇ? ಆ ಪ್ರಶ್ನೆಯ ಬೆನ್ನು ಹತ್ತಿಯೇ ನಾನು ಈ ಆಟದ ಒಳಗೆ ಬಂದದ್ದು.

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ಕಥೆಯೆಲ್ಲ ಇರುವುದು ಅದರಲ್ಲೇ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಒಂದು ವಿಶ್ವವಿದ್ಯಾಲಯ ಹೆಚ್ಚೆಂದರೆ 12 ಜನರನ್ನು ಕಳಿಸಬಹುದು. ಬೆಟ್ಟದಿಂದ ಇಳಿಯುವ ಆಲ್ಪೈನ್ ವಿಭಾಗಕ್ಕೆ 3 ಹುಡುಗರು, 3 ಹುಡುಗಿಯರು. ಕಾಡಿನ ಏರಿಳಿತಗಳಲ್ಲಿ ಕಿಲೋಮೀಟರ್‌ಗಟ್ಟಲೆ ಓಡುವ ನಾರ್ಡಿಕ್‌ಗೆ ಅಷ್ಟೇ ಜನ. ಆಲ್ಪೈನ್‌ನಲ್ಲಿ ಸ್ಲಾಲಮ್ ಮತ್ತು ಗೇಟ್‌ಗಳು ಇನ್ನೂ ದೂರ ದೂರ ಇರುವ ಜೈಂಟ್ ಸ್ಲಾಲಮ್, ನಾರ್ಡಿಕ್‌ನಲ್ಲಿ ಸ್ಕೀಗಳನ್ನು ನೇರ ಜಾಡಿನಲ್ಲಿ ಜಾರಿಸುವ ಕ್ಲಾಸಿಕ್ ಮತ್ತು ಸ್ಕೇಟಿಂಗ್ ಹಾಗೆ ಪಕ್ಕಕ್ಕೆ ತಳ್ಳುವ ಫ್ರೀಸ್ಟೈಲ್. ಗಂಡು, ಹೆಣ್ಣು ಸೇರಿ ನಾಲ್ಕು ದಿನಗಳಲ್ಲಿ ಎಂಟು ಸ್ಪರ್ಧೆ. ಪ್ರತಿ ಸ್ಪರ್ಧೆಯಲ್ಲಿ ಮೂವತ್ತೈದರ ಆಸುಪಾಸು ಜನ, ಅದರಲ್ಲಿ ಮೊದಲ 30 ಮಂದಿಗೆ ಅಂಕ. ಎಲ್ಲರ ಅಂಕವನ್ನೂ ಒಟ್ಟುಗೂಡಿಸಿದರೆ ಬರುವ ಒಂದೇ ಒಂದು ಸಂಖ್ಯೆ ಆ ವಿಶ್ವವಿದ್ಯಾಲಯದ್ದು. ಗಂಡಸರ ಕಪ್, ಹೆಂಗಸರ ಕಪ್ ಅಂತ ಬೇರೆ ಬೇರೆ ಇಲ್ಲ. 1983ರಿಂದ ಹೀಗೆ. ಅಮೆರಿಕದ ಕಾಲೇಜು ಕ್ರೀಡೆಗಳಲ್ಲಿ ಇಂಥ ಪದ್ಧತಿ ಇರುವುದು ಕೆಲವಕ್ಕೆ ಮಾತ್ರ. ಕತ್ತಿವರಸೆ ಮತ್ತು ರೈಫಲ್ ಅದರಲ್ಲಿ ಸೇರಿವೆ. ಒಬ್ಬ ಹುಡುಗನ ಜೈಂಟ್ ಸ್ಲಾಲಮ್ ಗೆಲುವಿಗೂ ಒಬ್ಬ ಹುಡುಗಿಯ ಕ್ಲಾಸಿಕ್ ಓಟದ ಗೆಲುವಿಗೂ ಬೆಲೆ ಸರಿಸಮ.

ಅಲ್ಲಿಗೆ ತಲುಪುವ ಮುಂಚೆ ಜನವರಿ, ಫೆಬ್ರವರಿಯ ವಾರಾಂತ್ಯಗಳಲ್ಲಿ ನಡೆಯುವ ಸ್ಪರ್ಧೆಗಳ ನಿಯಮ ಬೇರೆ. ಅಮೆರಿಕದ ಪೂರ್ವ ಭಾಗದಲ್ಲಿ ಅವಕ್ಕೆ ಕಾರ್ನಿವಲ್ ಅನ್ನುತ್ತಾರೆ. ಒಂದು ವಾರ ಡಾರ್ಟ್ಮತ್, ಒಂದು ವಾರ ವರ್ಮಾಂಟ್, ಇನ್ನೊಂದು ವಾರ ವಿಲಿಯಮ್ಸ್, ಮತ್ತೊಂದು ವಾರ ಮಿಡಲ್‌ಬರಿ. ಅಲ್ಲಿ ಪ್ರತಿ ವಿಭಾಗದಲ್ಲಿ ಒಂದು ತಂಡದಿಂದ ಆರು ಮಂದಿ ಇಳಿಯಬಹುದು, ಮೇಲಿನ ಮೂವರ ಅಂಕವನ್ನಷ್ಟೇ ಹಿಡಿಯುತ್ತಾರೆ. ಉಳಿದ ಮೂವರು ಆಟಕ್ಕುಂಟು ಲೆಕ್ಕಕ್ಕಿಲ್ಲ. ಹಾಗಾಗಿ ಕಾರ್ನಿವಲ್‌ನಲ್ಲಿ ಹುಡುಗರು ಜೀವದ ಹಂಗು ತೊರೆದು ಇಳಿಯುತ್ತಾರೆ. ಬಿದ್ದರೆ ಬಿದ್ದೆ, ಹಿಂದೆ ಇನ್ನೊಬ್ಬ ಇದ್ದಾನೆ. ಮಾರ್ಚ್ ಬಂತೆಂದರೆ ಆ ಸೌಕರ್ಯ ಇಲ್ಲ. ಮೂವರೇ ಇಳಿಯಬೇಕು, ಮೂವರೂ ಲೆಕ್ಕಕ್ಕೆ. ಎರಡು ತಿಂಗಳು "ಬಿಟ್ಟು ಹೊಡಿ" ಅಂತ ಕಲಿಸಿದ ಕೋಚ್ ಈಗ "ಹೊಡಿ, ಆದರೆ ಮುಗಿಸು" ಅನ್ನಬೇಕು. ಈ ಎರಡು ಮಾತಿಗೂ ಒಂದಕ್ಕೊಂದು ಎಣ್ಣೆ ಸೀಗೆಕಾಯಿ ಸಂಬಂಧ. ಎಷ್ಟೋ ಒಳ್ಳೆಯ ತಂಡಗಳು ಮುಗ್ಗರಿಸುವುದು ಇಲ್ಲೇ ಅಂತ ನನ್ನ ಅಂದಾಜು. ವೇಗ ಕಡಿಮೆಯಾಗಿ ಅಲ್ಲ, ಮನಸ್ಸು ಎರಡಾಗಿ.

ನಾನು ಕೆಲಸದ ನಿಮಿತ್ತ ಬರ್ಲಿಂಗ್ಟನ್‌ಗೆ ಬಂದು ನೆಲೆಸಿದವನು. ವರ್ಮಾಂಟ್ ವಿಶ್ವವಿದ್ಯಾಲಯ ಇರುವುದು ಇದೇ ಊರಿನಲ್ಲಿ, 1791ರಿಂದ. ಅವರ ಆಲ್ಪೈನ್ ತಂಡದ ಬೆಟ್ಟ ಸ್ಟೋವ್, ರಾಜ್ಯದ ಅತಿ ಎತ್ತರದ ಮೌಂಟ್ ಮ್ಯಾನ್ಸ್‌ಫೀಲ್ಡ್‌ನ ಮಗ್ಗುಲಲ್ಲಿ. ಎತ್ತರ ಎಂದರೂ 1,340 ಮೀಟರ್ ಅಷ್ಟೇ, ನಮ್ಮ ಕುದುರೆಮುಖಕ್ಕಿಂತ ಗಿಡ್ಡ. ನಾರ್ಡಿಕ್ ಸ್ಪರ್ಧೆಗಳು ಸ್ಟೋವ್ ಪಕ್ಕದ ಟ್ರ್ಯಾಪ್ ಕುಟುಂಬದ ಜಾಗದಲ್ಲಿ. ಆಸ್ಟ್ರಿಯಾ ಬಿಟ್ಟು ಬಂದ, 'ದಿ ಸೌಂಡ್ ಆಫ್ ಮ್ಯೂಸಿಕ್' ಸಿನಿಮಾದಿಂದ ಲೋಕವಿಖ್ಯಾತವಾದ ಆ ಹಾಡುಗಾರ ಕುಟುಂಬವೇ. ಅಮೆರಿಕದಲ್ಲಿ ದುಡ್ಡು ಕೊಟ್ಟು ಕ್ರಾಸ್ ಕಂಟ್ರಿ (ಅಂದರೆ ಈ ನಾರ್ಡಿಕ್ ಓಟದ) ಸ್ಕೀ ಮಾಡುವ ಮೊದಲ ಕೇಂದ್ರ ಶುರುವಾದದ್ದು ಅಲ್ಲೇ, 1968ರಲ್ಲಿ.

ನಾರ್ಡಿಕ್ ನೋಡಲು ಬರುವವರು ಕಡಿಮೆ. ನನಗೆ ಮಾತ್ರ ಅದರ ಮೇಣದ ಡೇರೆ ಬಹಳ ಇಷ್ಟ. ಕ್ಲಾಸಿಕ್ ಶೈಲಿಯಲ್ಲಿ ಸ್ಕೀ ಮುಂದಕ್ಕೆ ಜಾರಬೇಕು, ಆದರೆ ಕಾಲೊತ್ತಿ ತಳ್ಳುವಾಗ ಹಿಮವನ್ನು ಹಿಡಿದುಕೊಳ್ಳಬೇಕು. ಒಂದೇ ಹಲಗೆ ಎರಡೂ ಮಾಡಬೇಕು. ಅದಕ್ಕೇ ಸ್ಕೀ ನಡುವೆ ಬಿಲ್ಲಿನ ಹಾಗೆ ತುಸು ಮೇಲಕ್ಕೆ ಬಾಗಿರುತ್ತದೆ. ಪಾದದ ಕೆಳಗಿನ ಆ ಭಾಗಕ್ಕೆ ಅಂಟುವ ಮೇಣ, ತುದಿ ಮತ್ತು ಬಾಲಕ್ಕೆ ಜಾರುವ ಮೇಣ. ಪೂರ್ತಿ ಭಾರ ಹಾಕಿ ಒತ್ತಿದಾಗ ಮಾತ್ರ ನಡುಭಾಗ ನೆಲ ಮುಟ್ಟಿ ಕಚ್ಚಿಕೊಳ್ಳುತ್ತದೆ. ಯಾವ ಮೇಣ ಅನ್ನುವುದು ಹಿಮದ ಉಷ್ಣತೆ, ತೇವ, ಹರಳಿನ ವಯಸ್ಸಿನ ಮೇಲೆ. ಚೆನ್ನಾಗಿ ಕೊರೆಯುವ ಚಳಿಯಿದ್ದರೆ ತಲೆಬಿಸಿ ಕಡಿಮೆ. ಸೊನ್ನೆ ಡಿಗ್ರಿಯ ಆಚೀಚೆ ಇದ್ದರೆ ಮಾತ್ರ ಗ್ರಹಚಾರ. ಬೆಳಿಗ್ಗೆ ಆರಕ್ಕೆ ಒಪ್ಪಿದ ಮೇಣ ಹತ್ತು ಗಂಟೆಗೆ ಓಟ ಶುರುವಾಗುವಾಗ ಕೈಕೊಟ್ಟಿರುತ್ತದೆ, ಸ್ಕೀ ಅಡಿಯಲ್ಲಿ ಹಿಮ ಗಂಟು ಕಟ್ಟಿ ಹುಡುಗ ನಿಂತಲ್ಲೇ ನಿಲ್ಲುತ್ತಾನೆ. ಹಾಗಾಗಿ ಕತ್ತಲಿರುವಾಗಲೇ ಎದ್ದು ಬಂದ ಕೋಚ್‌ಗಳು ನಾಲ್ಕೈದು ಜೊತೆ ಸ್ಕೀಗೆ ನಾಲ್ಕೈದು ಬಗೆ ಬಳಿದು, ತಾವೇ ತೊಟ್ಟು ಓಡಿ, ವಾಪಸ್ ಬಂದು ಕೆರೆದು, ಮತ್ತೆ ಬಳಿಯುತ್ತಿರುತ್ತಾರೆ. ಮೂಗಿನ ತುದಿ ಕೆಂಪು, ಕೈಯಲ್ಲಿ ಕಾರ್ಕಿನ ತುಂಡು, ಹಲ್ಲಿನ ನಡುವೆ ಪೆನ್ನಿನ ಮುಚ್ಚಳ. ಕೋಚ್ ಎಂದರೆ ಸೀಟಿ ಹಿಡಿದು ಬೈಯುವವರು ಎಂದುಕೊಂಡವರು ಒಮ್ಮೆ ಆ ಡೇರೆಯ ಬಾಗಿಲಲ್ಲಿ ನಿಲ್ಲಬೇಕು.

ಇದೆಲ್ಲ ಶುರುವಾದದ್ದು ವರ್ಮಾಂಟ್‌ನಲ್ಲಲ್ಲ, ಕನೆಕ್ಟಿಕಟ್ ನದಿಯ ಆಚೆ ದಡದ ಡಾರ್ಟ್ಮತ್ ಕಾಲೇಜಿನಲ್ಲಿ. 1909ರಲ್ಲಿ ಫ್ರೆಡ್ ಹ್ಯಾರಿಸ್ ಎಂಬ ವಿದ್ಯಾರ್ಥಿ, ಚಳಿಗಾಲವೆಂದರೆ ಕೋಣೆಯೊಳಗೆ ಕೂರುವ ಕಾಲವಲ್ಲ, ಹೊರಗೆ ಹೋಗೋಣ ಬನ್ನಿ ಎಂದು ಸಹಪಾಠಿಗಳನ್ನು ಕೂಡಿಸಿ ಒಂದು ಕ್ಲಬ್ ಕಟ್ಟಿದ. 1911ರ ಹೊತ್ತಿಗೆ ಅದು ವಿಂಟರ್ ಕಾರ್ನಿವಲ್ ಆಯಿತು. ರಾಷ್ಟ್ರೀಯ ಚಾಂಪಿಯನ್‌ಷಿಪ್ ಬಂದದ್ದು ಬಹಳ ತಡವಾಗಿ, 1954ರಲ್ಲಿ, ನೆವಾಡದ ರೀನೋ ಹತ್ತಿರ. ಗೆದ್ದದ್ದು ಡೆನ್ವರ್ ವಿಶ್ವವಿದ್ಯಾಲಯ. ಅವರ ಕೋಚ್ ವಿಲಿ ಶೇಫ್ಲರ್ ಜರ್ಮನಿಯಿಂದ ಬಂದವರು. ಅವರ ಕೈಕೆಳಗೆ ಡೆನ್ವರ್ ಒಟ್ಟು 13 ಸಲ ಗೆದ್ದಿತು. 2018ರ ಹೊತ್ತಿಗೆ ಆ ವಿಶ್ವವಿದ್ಯಾಲಯದ ಲೆಕ್ಕ 24ಕ್ಕೆ ಮುಟ್ಟಿತ್ತು. ಶೇಫ್ಲರ್ 1960ರ ಸ್ಕ್ವಾ ವ್ಯಾಲಿ ಒಲಿಂಪಿಕ್ಸ್‌ನ ಸ್ಕೀ ಸ್ಪರ್ಧೆಗಳ ಉಸ್ತುವಾರಿಯನ್ನೂ ಹೊತ್ತವರು.

ಆ ಕಾಲದ ಆಟ ಈಗಿನದ್ದಲ್ಲ. ತಿರುವು ಕಡಿಮೆಯಿದ್ದು ವೇಗವೇ ಮುಖ್ಯವಾದ ಡೌನ್‌ಹಿಲ್ ಇತ್ತು, ದೊಡ್ಡ ಗೋಪುರದಿಂದ ಹಾರುವ ಸ್ಕೀ ಜಂಪಿಂಗ್ ಇತ್ತು. ಒಬ್ಬನೇ ಹುಡುಗ ಬೆಳಿಗ್ಗೆ ಕಾಡಿನಲ್ಲಿ ಓಡಿ, ಮರುದಿನ ಸ್ಲಾಲಮ್ ಇಳಿದು, ಅದರ ಮರುದಿನ ಗೋಪುರದಿಂದ ಹಾರುತ್ತಿದ್ದ. ನಾಲ್ಕರಲ್ಲೂ ಸೇರಿ ಮೇಲಾದವನಿಗೆ ಸ್ಕೀಮೈಸ್ಟರ್ ಎಂಬ ಬಿರುದು. ನನಗೆ ಆ ಬಿರುದು ಹೋದದ್ದು ಕಪ್‌ಗಳ ಪಟ್ಟಿಗಿಂತ ದೊಡ್ಡ ನಷ್ಟ ಎನಿಸುತ್ತದೆ. ಡೌನ್‌ಹಿಲ್ ಎಪ್ಪತ್ತರ ದಶಕದಲ್ಲಿ ಹೋಯಿತು, ಜಂಪಿಂಗ್ 1980ರ ನಂತರ ನಿಂತಿತು. ಈಗ ಆಲ್ಪೈನ್ ಹುಡುಗರೂ ನಾರ್ಡಿಕ್ ಹುಡುಗರೂ ಒಂದೇ ಜೆರ್ಸಿ ತೊಟ್ಟರೂ ಇಡೀ ಸೀಸನ್‌ನಲ್ಲಿ ಒಬ್ಬರ ಓಟ ಇನ್ನೊಬ್ಬರು ನೋಡುವುದೇ ಅಪರೂಪ. ಇವರು ಬೆಟ್ಟದ ಮೇಲೆ, ಅವರು ಕಾಡಿನ ಒಳಗೆ.

ಜಂಪಿಂಗ್ ಇದ್ದ ಆ ಕೊನೆಯ ವರ್ಷ, 1980ರಲ್ಲಿ, ವರ್ಮಾಂಟ್ ಮೊದಲ ಸಲ ಗೆದ್ದಿತು. ಅಲ್ಲಿಯವರೆಗೆ ಪೂರ್ವದಿಂದ ಗೆದ್ದಿದ್ದ ಒಂದೇ ಕಾಲೇಜು ಡಾರ್ಟ್ಮತ್: 1958ರಲ್ಲಿ ಒಂದು, 1976ರಲ್ಲಿ ಕೊಲೊರಾಡೊ ಜೊತೆ ಹಂಚಿಕೊಂಡ ಅರ್ಧ. ಉಳಿದದ್ದೆಲ್ಲ ರಾಕಿ ಪರ್ವತದ ಕಡೆಯವರ ಪಾಲು. ವರ್ಮಾಂಟ್ ಕೋಚ್ ಚಿಪ್ ಲಕಾಸ್ ಮೂರು ದಶಕಕ್ಕೂ ಹೆಚ್ಚು ಕಾಲ ಅದೇ ಕುರ್ಚಿಯಲ್ಲಿದ್ದವರು. 1989, 1990, 1992, 1994ರಲ್ಲೂ ತಂಡ ಗೆದ್ದಿತು. ಆರನೆಯದು 2012ರಲ್ಲಿ. ಆಮೇಲೆ ಕಪ್ ಬಂದಿಲ್ಲ. ಈಚಿನ ವರ್ಷಗಳು ಹೆಚ್ಚಾಗಿ ಯೂಟಾದವು. 2020ರ ಚಾಂಪಿಯನ್‌ಷಿಪ್ ಅಂತೂ ಕೊರೊನಾ ಬಂದು ಮೊಂಟಾನಾದಲ್ಲಿ ಅರ್ಧಕ್ಕೇ ನಿಂತುಹೋಯಿತು.

ಆದರೆ ಕಪ್‌ಗಳಿಂದ ಈ ತಂಡವನ್ನು ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ನಾನು ಅಳೆಯುವುದು ಇಬ್ಬರು ಹುಡುಗಿಯರಿಂದ.

ಒಬ್ಬಳು ಪೌಲಾ ಮೋಲ್ಟ್‌ಜನ್, ಮಿನೆಸೋಟಾದವಳು. 2015ರಲ್ಲಿ ಸ್ಲಾಲಮ್‌ನ ಜೂನಿಯರ್ ವಿಶ್ವ ಚಾಂಪಿಯನ್. ಮರುವರ್ಷ ಅಮೆರಿಕದ ರಾಷ್ಟ್ರೀಯ ತಂಡ ಅವಳನ್ನು ಕೈಬಿಟ್ಟಿತು. ಇಪ್ಪತ್ತೆರಡರ ಆಸುಪಾಸಿನಲ್ಲೇ ಆ ಕ್ರೀಡೆಯಲ್ಲಿ ಬಾಗಿಲು ಮುಚ್ಚಿತು ಅಂತಲೇ ಅರ್ಥ. ಸ್ಕೀ ದುಬಾರಿ ಆಟ; ತಂಡದ ಖರ್ಚು ನಿಂತರೆ ಕೋಚ್ ಇಲ್ಲ, ಬೆಟ್ಟ ಇಲ್ಲ, ಪ್ರಯಾಣ ಇಲ್ಲ. ಅವಳು ವರ್ಮಾಂಟ್ ವಿಶ್ವವಿದ್ಯಾಲಯಕ್ಕೆ ಸೇರಿದಳು. 2017ರಲ್ಲಿ ಕಾಲೇಜುಗಳ ರಾಷ್ಟ್ರೀಯ ಸ್ಲಾಲಮ್ ಗೆದ್ದಳು. 2018ರ ನವೆಂಬರ್‌ನಲ್ಲಿ ಇಲ್ಲೇ ಕಿಲ್ಲಿಂಗ್ಟನ್‌ನಲ್ಲಿ ವಿಶ್ವಕಪ್ ನಡೆದಾಗ, ಇನ್ನೂ ವಿದ್ಯಾರ್ಥಿನಿಯಾಗಿಯೇ ಇಳಿದು 17ನೇ ಸ್ಥಾನ ಪಡೆದಳು. ಕೈಬಿಟ್ಟವರು ಮತ್ತೆ ಕರೆಯಲೇಬೇಕಾಯಿತು. 2023ರ ವಿಶ್ವ ಚಾಂಪಿಯನ್‌ಷಿಪ್‌ನ ತಂಡ ಸ್ಪರ್ಧೆಯಲ್ಲಿ ಚಿನ್ನ, 2025ರಲ್ಲಿ ಆಸ್ಟ್ರಿಯಾದ ಸಾಲ್‌ಬಾಕ್‌ನಲ್ಲಿ ಜೈಂಟ್ ಸ್ಲಾಲಮ್ ಕಂಚು.

ಇನ್ನೊಬ್ಬಳು ಕೆನಡಾದ ಕ್ವಿಬೆಕ್‌ನ ಲೊರಾನ್ಸ್ ಸೇಂಟ್ ಜರ್ಮೇನ್. ವರ್ಮಾಂಟ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತ ಸ್ಕೀ ಮಾಡಿದವಳು. 2023ರ ಫೆಬ್ರವರಿಯಲ್ಲಿ ಫ್ರಾನ್ಸ್‌ನ ಮೆರಿಬೆಲ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಸ್ಲಾಲಮ್. ಸ್ಲಾಲಮ್ ಎಂದರೆ ಎರಡು ಇಳಿತ, ಎರಡರ ಸಮಯ ಕೂಡಿಸಿ ಲೆಕ್ಕ. ಮೊದಲ ಇಳಿತದ ನಂತರ ಅಮೆರಿಕದ ಮಿಕೇಲಾ ಶಿಫ್ರಿನ್ ಮುಂದೆ, ಇವಳು ಮೂರನೆಯವಳು. ಶಿಫ್ರಿನ್ ಎಂದರೆ ಈ ಆಟದಲ್ಲಿ ಸಚಿನ್ ಎಂದುಕೊಳ್ಳಿ. ಅಲ್ಲಿಯವರೆಗೆ ವಿಶ್ವಕಪ್ ಓಟದಲ್ಲಿ ಒಮ್ಮೆಯೂ ಮೊದಲ ಮೂರರಲ್ಲಿ ನಿಂತಿರದ ಲೊರಾನ್ಸ್ ಎರಡನೇ ಇಳಿತದಲ್ಲಿ ಎಲ್ಲರನ್ನೂ ದಾಟಿ ಚಿನ್ನ ಗೆದ್ದಳು. ಅಂತರ 0.57 ಸೆಕೆಂಡ್. ಬರ್ಲಿಂಗ್ಟನ್‌ನ ಕಾಫಿ ಅಂಗಡಿಗಳಲ್ಲಿ ಆ ವಾರವೆಲ್ಲ ಇದೇ ಮಾತು. "ನಮ್ಮ ಹುಡುಗಿ" ಅಂತ ಅಮೆರಿಕದವರು ಕೆನಡಾದವಳನ್ನು ಹೇಳಿಕೊಳ್ಳುವುದನ್ನು ಕೇಳಲು ಚೆನ್ನಾಗಿತ್ತು.

ಈ ಇಬ್ಬರಿಗೂ ವಿಶ್ವವಿದ್ಯಾಲಯ ಕೊಟ್ಟದ್ದು ಮುಖ್ಯವಾಗಿ ಕಾಲಾವಕಾಶ. ಸ್ಲಾಲಮ್ ಓಡುವವರ ದೇಹ, ಕಣ್ಣು, ಧೈರ್ಯ ಮೂರೂ ಒಟ್ಟಿಗೆ ಹದಕ್ಕೆ ಬರಲು ಎಷ್ಟೋ ಜನಕ್ಕೆ ಇಪ್ಪತ್ತೈದಾದರೂ ಆಗಬೇಕು. ದೇಶದ ತಂಡಗಳು ಅಷ್ಟು ಕಾಯುವುದಿಲ್ಲ. ಹತ್ತೊಂಬತ್ತಕ್ಕೆ ಹೊಳೆಯದಿದ್ದರೆ ಅಲ್ಲಿಗೆ ಮುಗಿಯಿತು. ಕಾಲೇಜು ಕಾಯುತ್ತದೆ, ಯಾಕೆಂದರೆ ಅದಕ್ಕೆ ವಿಶ್ವ ಚಾಂಪಿಯನ್ ಬೇಕಾಗಿಲ್ಲ, ಈ ಶನಿವಾರಕ್ಕೆ ಮೂವರು ಬೇಕು. ಆ ಸಣ್ಣ ಆಸೆಯೇ ದೊಡ್ಡ ಉಪಕಾರ ಮಾಡಿಬಿಡುತ್ತದೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಲೇ ಬೀಜಿಂಗ್ ಒಲಿಂಪಿಕ್ಸ್‌ನ ನಾರ್ಡಿಕ್ ಸ್ಪ್ರಿಂಟ್‌ನಲ್ಲಿ 12ನೆಯವನಾದ ಬೆನ್ ಆಗ್ಡೆನ್ ಕೂಡ ಇದೇ ತಂಡದ ಹುಡುಗ.

ಪಿಯುಸಿ ಬಂತೆಂದರೆ ಬ್ಯಾಟು ಅಟ್ಟ ಸೇರುವ ಮನೆಗಳಿಂದ ಬಂದ ನಮಗೆ ಇದು ವಿಚಿತ್ರ. "ಓದೋದೋ, ಆಡೋದೋ, ಒಂದು ನಿರ್ಧಾರ ಮಾಡು" ಎನ್ನುವ ಮಾತು ನನ್ನ ತಲೆಮಾರಿನ ಯಾವ ಮನೆಯಲ್ಲಿ ಕೇಳಿಲ್ಲ? ಯುರೋಪಿನಲ್ಲೂ ಹೆಚ್ಚು ಕಡಿಮೆ ಅದೇ. ಅಲ್ಲಿ ಆಟ ಕ್ಲಬ್ಬಿನದು, ಓದು ವಿಶ್ವವಿದ್ಯಾಲಯದ್ದು. ಆದ್ದರಿಂದಲೇ ನಾರ್ವೆ, ಜರ್ಮನಿ, ಸ್ವೀಡನ್‌ಗಳಿಂದ ಇಪ್ಪತ್ತು ದಾಟಿದ ಪಳಗಿದ ಸ್ಪರ್ಧಿಗಳು ಸ್ಕಾಲರ್‌ಷಿಪ್ ಮೇಲೆ ಇಲ್ಲಿಗೆ ಬರುತ್ತಾರೆ. ಪಶ್ಚಿಮದ ದೊಡ್ಡ ತಂಡಗಳ ಪಟ್ಟಿ ಓದಿದರೆ ಓಸ್ಲೋದ ಹಾಜರಿ ಪುಸ್ತಕ ಓದಿದಂತಿರುತ್ತದೆ. ನಮ್ಮ ಮಕ್ಕಳ ಜಾಗ ಹೋಯಿತು ಎನ್ನುವ ಅಮೆರಿಕದ ಪೋಷಕರ ಗೊಣಗಾಟ ನಿಂತದ್ದೇ ಇಲ್ಲ. ಹದಿನೆಂಟರ ಹುಡುಗನನ್ನು ಇಪ್ಪತ್ತಮೂರರ ನಾರ್ವೆಯವನ ಪಕ್ಕ ನಿಲ್ಲಿಸಿದರೆ ಏನಾಗುತ್ತದೆ ಎಂದು ನೋಡಿದ್ದೇನೆ, ಗೊಣಗಾಟದಲ್ಲಿ ಹುರುಳಿಲ್ಲದಿಲ್ಲ. ಆದರೂ ಲೊರಾನ್ಸ್ ಕೂಡ ಹೊರಗಿನಿಂದ ಬಂದವಳೇ ತಾನೇ.

ಇದಕ್ಕೆ ಎದುರಾಗಿ ಮಿಡಲ್‌ಬರಿ, ವಿಲಿಯಮ್ಸ್‌ನಂಥ ಪುಟ್ಟ ಕಾಲೇಜುಗಳಿವೆ. ಆಟಕ್ಕೆಂದು ಒಂದು ಡಾಲರ್ ಸ್ಕಾಲರ್‌ಷಿಪ್ ಕೊಡುವುದಿಲ್ಲ. ಡಾರ್ಟ್ಮತ್ ಕೂಡ ಕೊಡುವುದಿಲ್ಲ, ಆದರೂ 2007ರಲ್ಲಿ ಗೆದ್ದಿತು. ಬೇರೆ ಆಟಗಳಲ್ಲಿ ಮಿಡಲ್‌ಬರಿ, ವಿಲಿಯಮ್ಸ್‌ನಂಥವು ಕೆಳಗಿನ ಡಿವಿಷನ್‌ನಲ್ಲಿ ಪ್ರತ್ಯೇಕ ಆಡುತ್ತವೆ; ಸ್ಕೀಯಲ್ಲಿ ಡಿವಿಷನ್ ಇಲ್ಲ, ಎಲ್ಲರಿಗೂ ಒಂದೇ ಬೆಟ್ಟ. ಮಿಡಲ್‌ಬರಿಗೆ ತನ್ನದೇ ಬೆಟ್ಟವೂ ಇದೆ. ಫೆಬ್ರವರಿಯಲ್ಲಿ ಪದವಿ ಮುಗಿಸುವ ವಿದ್ಯಾರ್ಥಿಗಳು ಗೌನು, ಟೋಪಿ ತೊಟ್ಟು ಸ್ಕೀ ಮೇಲೆ ಇಳಿದು ಬರುವುದು ಅಲ್ಲಿನ ಘಟಿಕೋತ್ಸವದ ಸಂಪ್ರದಾಯ.

ಈ ಎಲ್ಲದರ ನಡುವೆ ನನಗೆ ಆಗಾಗ ನೆನಪಾಗುವುದು ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಹಿಮವೇ ಬೀಳದ ನಾಡಿನಿಂದ ಹೋಗಿ ಕ್ರಾಸ್ ಕಂಟ್ರಿ ಸ್ಕೀಯಲ್ಲಿ ಭಾರತವನ್ನು ಪ್ರತಿನಿಧಿಸುತ್ತಿರುವ ಹೆಣ್ಣುಮಗಳು. ಚಿಲಿಯಲ್ಲಿ ನಡೆದ ಅಂತರರಾಷ್ಟ್ರೀಯ 5 ಕಿಲೋಮೀಟರ್ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕದ ಹೆಸರು ಪದಕದ ಪಟ್ಟಿಯಲ್ಲಿ ಕಾಣಿಸಿಕೊಂಡದ್ದು ಅವರಿಂದ. ಟ್ರ್ಯಾಪ್‌ನ ಡೇರೆಯಲ್ಲಿ ಒಬ್ಬ ಎರಡನೇ ವರ್ಷದ ಹುಡುಗಿಗಾಗಿ ಮೂವರು ದೊಡ್ಡವರು ಮೇಣ ಉಜ್ಜುವುದನ್ನು ನೋಡುವಾಗ, ಅವರ ಸ್ಕೀಗೆ ಮೇಣ ಉಜ್ಜುವವರು ಯಾರು ಎಂಬ ಯೋಚನೆ ಬಂದು ಹೋಗುತ್ತದೆ.

ನ್ಯೂ ಇಂಗ್ಲೆಂಡ್ ಕಡೆ ಇರುವ ನಮ್ಮವರು ಬಾಸ್ಟನ್‌ನಿಂದ ಹಿಮ ನೋಡಲು ಮಕ್ಕಳನ್ನು ಕಟ್ಟಿಕೊಂಡು ಸ್ಟೋವ್‌ಗೆ ಬರುವುದುಂಟು. ಬರುವುದಾದರೆ ಕಾರ್ನಿವಲ್ ಇರುವ ಶುಕ್ರವಾರ, ಶನಿವಾರ ನೋಡಿಕೊಂಡು ಬನ್ನಿ. ಮೊದಲ ಇಳಿತಕ್ಕಿಂತ ಎರಡನೆಯದು ನೋಡಲು ಚೆಂದ. ಕ್ರಮ ತಿರುವುಮುರುವಾಗಿ, ಮೊದಲ ಇಳಿತದ ಮುಂಚೂಣಿಯವರು ಕೊನೆಗೆ ಇಳಿಯುವುದರಿಂದ ಅಷ್ಟು ಹೊತ್ತಿಗೆ ದಾರಿಯೆಲ್ಲ ಉತ್ತ ಗದ್ದೆಯಾಗಿ, ವೇಗದವರ ನಿಜವಾದ ಪರೀಕ್ಷೆ ನಡೆಯುತ್ತಿರುತ್ತದೆ. ಗೆರೆಯ ಹತ್ತಿರ ನಿಲ್ಲಬೇಡಿ, ಅಲ್ಲಿ ಹಲಗೆಯ ಮೇಲಿನ ಸಮಯ ಮಾತ್ರ ಕಾಣುತ್ತದೆ. ಕೊನೆಯ ಕಡಿದಾದ ಇಳಿಜಾರು ಎದುರಿಗೆ ಕಾಣುವ ಹಾಗೆ ಬೇಲಿಯ ಪಕ್ಕ ಜಾಗ ಹಿಡಿಯಿರಿ. ದಪ್ಪ ಸಾಕ್ಸ್, ಎರಡು ಜೊತೆ ಕೈಗವಸು, ಫ್ಲಾಸ್ಕಿನಲ್ಲಿ ಕಾಫಿ. ಗಂಟೆ ತರದಿದ್ದರೂ ಚಿಂತೆಯಿಲ್ಲ, ಪಕ್ಕದವರು ಕೊಡುತ್ತಾರೆ.